ದುಡ್ಡೂ ಕೊಟ್ಟು ಕೆಲಸವನ್ನೂ ಮಾಡುವುದು: ಕೋಸ್ಟರಿಕಾದ ಆಮೆ ತೀರದ ಲೆಕ್ಕ

ಅಮೆರಿಕದಲ್ಲಿರುವ ತಂಗಿ ಒಂದು ಭಾನುವಾರ ಫೋನ್ ಮಾಡಿದಾಗ ಅವಳ ದನಿಯಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು. "ಅಣ್ಣಾ, ನೀನಾದರೂ ನನ್ನ ಮಗಳಿಗೆ ಬುದ್ಧಿ ಹೇಳು. ಕೋಸ್ಟರಿಕಾಕ್ಕೆ ಹೋಗಿ ಮೂರು ವಾರ ಆಮೆ ಕಾಯುತ್ತಾಳಂತೆ. ರಾತ್ರಿಯೆಲ್ಲ ಮರಳಿನಲ್ಲಿ ನಡೆಯಬೇಕಂತೆ. ಸಂಬಳ ಹಾಳಾಗಿ ಹೋಗಲಿ, ಇವಳೇ ವಾರಕ್ಕಿಷ್ಟು ಡಾಲರ್ ಎಂದು ಕಟ್ಟಬೇಕಂತೆ. ದುಡ್ಡೂ ಕೊಟ್ಟು ಕೆಲಸವನ್ನೂ ಮಾಡುವುದು ಯಾವ ಊರಿನ ನ್ಯಾಯ?"

ಪ್ರಶ್ನೆ ನ್ಯಾಯವಾದದ್ದೇ. ವಿದೇಶಕ್ಕೆ ಹೋಗಿ ಕಡಲತೀರದ ವನ್ಯಜೀವಿಗಳಿಗಾಗಿ ಸ್ವಯಂಸೇವೆ ಮಾಡುವ ಈ ಪದ್ಧತಿಯ ಹಿಂದೆ ದೊಡ್ಡದೊಂದು ಹಣದ ಸುತ್ತು ಇದೆ. ಕರಪತ್ರಗಳಲ್ಲಿ ಅಂಗೈ ಮೇಲೆ ಆಮೆಮರಿ ಹಿಡಿದು ನಗುವ ಹುಡುಗಿಯ ಚಿತ್ರವಿರುತ್ತದೆಯೇ ಹೊರತು ಈ ಸುತ್ತಿನ ಮಾತು ಇರುವುದಿಲ್ಲ. ಅಂದಹಾಗೆ, ಅಂಥ ಚಿತ್ರ ಕಂಡರೆ ಆ ಕರಪತ್ರವನ್ನು ಅಲ್ಲಿಗೇ ಮಡಚಿಡಬಹುದು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಆಮೆಯ ವಿಷಯ. ಮಧ್ಯ ಅಮೆರಿಕದ ಈ ಪುಟ್ಟ ದೇಶ ಕೋಸ್ಟರಿಕಾಕ್ಕೆ ಎರಡು ಕಡಲುಗಳು. ಪೂರ್ವಕ್ಕೆ ಕೆರಿಬಿಯನ್, ಪಶ್ಚಿಮಕ್ಕೆ ಪೆಸಿಫಿಕ್. ಪೂರ್ವದ ಟೋರ್ಟುಗೆರೊ ಎಂಬ ಹಳ್ಳಿಗೆ ರಸ್ತೆಯೇ ಇಲ್ಲ. ಕಾಲುವೆಯಲ್ಲಿ ದೋಣಿ ಹಿಡಿದು ಹೋಗಬೇಕು, ಇಲ್ಲವೇ ಪುಟ್ಟ ವಿಮಾನದಲ್ಲಿ ಇಳಿಯಬೇಕು. ಅದರ ಮಗ್ಗುಲಿನ ಸುಮಾರು 35 ಕಿಲೋಮೀಟರ್ ಉದ್ದದ ಮರಳದಂಡೆಯ ಮೇಲೆ ಅಟ್ಲಾಂಟಿಕ್ ಸಾಗರದ ಅತಿ ದೊಡ್ಡ ಹಸಿರು ಕಡಲಾಮೆ ಹಿಂಡು ಮೊಟ್ಟೆಯಿಡುತ್ತದೆ. ಊರಿನ ಹೆಸರೇ ಆಮೆಯ ಕಸುಬಿನಿಂದ ಬಂದದ್ದು. ಒಂದು ಕಾಲಕ್ಕೆ ಇಲ್ಲಿ ಹಂಗಾಮಿನಲ್ಲಿ ಕೂಲಿಗೆ ನಿಂತ ಗಂಡಸರು ರಾತ್ರಿ ದಡ ಕಾದು, ಮೊಟ್ಟೆಯಿಡಲು ಬಂದ ಆಮೆಗಳನ್ನು ಒಂದೊಂದಾಗಿ ಬೆನ್ನಡಿ ಮಾಡಿ ಮಲಗಿಸುತ್ತಿದ್ದರು. ನೂರಕ್ಕೂ ಹೆಚ್ಚು ಕಿಲೋ ತೂಗುವ ಪ್ರಾಣಿ ಒಮ್ಮೆ ಅಂಗಾತವಾದರೆ ಮತ್ತೆ ಮಗುಚಿಕೊಳ್ಳಲಾರದು. ದೋಣಿ ಬಂದು ಹೊತ್ತೊಯ್ಯುವವರೆಗೂ ಅದು ಹಾಗೇ ಬಿದ್ದಿರುತ್ತಿತ್ತು. ಅದರ ಮಾಂಸ ದೂರದೇಶಗಳ ಹೋಟೆಲುಗಳಲ್ಲಿ ಸೂಪ್ ಆಗುತ್ತಿತ್ತು.

1950ರ ದಶಕದಲ್ಲಿ ಆರ್ಚಿ ಕಾರ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಇಲ್ಲಿಗೆ ಬಂದು ಆಮೆಗಳ ಮುಂಗಾಲಿಗೆ ಲೋಹದ ಬಿಲ್ಲೆ ಚುಚ್ಚತೊಡಗಿದರು. ಬಿಲ್ಲೆ ಸಿಕ್ಕಿದವರು ಕಳಿಸಿಕೊಟ್ಟರೆ ಬಹುಮಾನ. ಬಿಲ್ಲೆಗಳು ವಾಪಸು ಬಂದವು. ಹೆಚ್ಚಿನವು ಬಂದದ್ದು ನೆರೆಯ ನಿಕರಾಗುವಾದ ಮೀನುಗಾರರಿಂದ. ಟೋರ್ಟುಗೆರೊದ ಆಮೆಗಳು ಕಡಲತಳದ ಹುಲ್ಲು ಮೇಯಲು ಎಲ್ಲಿಗೆ ಹೋಗುತ್ತವೆ ಎನ್ನುವುದು ಹಾಗೆ ತಿಳಿಯಿತು. 1959ರಲ್ಲಿ ಈ ಕೆಲಸಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಇಂದು ಅದರ ಹೆಸರು ಸೀ ಟರ್ಟಲ್ ಕನ್ಸರ್ವೆನ್ಸಿ. 1975ರಲ್ಲಿ ಆ ದಂಡೆ ರಾಷ್ಟ್ರೀಯ ಉದ್ಯಾನವಾಯಿತು. ಬಿಲ್ಲೆ ಹಾಕುವ ಕೆಲಸ ಇಂದಿಗೂ ನಿಂತಿಲ್ಲ.

ಸ್ವಯಂಸೇವಕರು ಈ ಚಿತ್ರದೊಳಗೆ ಬರುವುದು ಇಲ್ಲೇ. ಹಸಿರು ಕಡಲಾಮೆಯೊಂದು ಮರಿಯಿಂದ ಬೆಳೆದು ಮೊಟ್ಟೆಯಿಡಲು ಎರಡು ಮೂರು ದಶಕವೇ ಬೇಕು. ಬೆಳೆದ ಮೇಲೂ ಹೆಣ್ಣು ಪ್ರತಿ ವರ್ಷ ದಡಕ್ಕೆ ಬರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ, ಬಂದ ಹಂಗಾಮಿನಲ್ಲಿ ಹನ್ನೆರಡು ಹದಿನಾಲ್ಕು ದಿನಕ್ಕೊಮ್ಮೆ ಹಲವು ಸಲ ಗೂಡು ತೋಡುತ್ತದೆ. ಹಾಗಾಗಿ ಒಂದೆರಡು ವರ್ಷ ಎಣಿಸಿದರೆ ಯಾವ ಅರ್ಥವೂ ಹೊರಡದು. ಒಂದು ತಲೆಮಾರು ಪೂರ್ತಿ, ಪ್ರತಿ ರಾತ್ರಿ, ಅದೇ ದಂಡೆಯನ್ನು ಅದೇ ಕ್ರಮದಲ್ಲಿ ನಡೆದು ಎಣಿಸಬೇಕು. ಅಷ್ಟು ಕಾಲ ಅಷ್ಟು ಜನರಿಗೆ ಸಂಬಳ ಕೊಡುವ ಸರ್ಕಾರ ಭೂಮಿಯ ಮೇಲೆ ಇಲ್ಲ. ಈ ಕಂದಕವನ್ನು ಮುಚ್ಚಿದ್ದು ಹೊರಗಿನಿಂದ ಬಂದ ಕಾಲುಗಳು.

ನನ್ನ ಸೊಸೆ, ಅಂದರೆ ತಂಗಿಯ ಮಗಳು, ಕೊನೆಗೂ ಹೋದಳು. ಟೋರ್ಟುಗೆರೊಗಲ್ಲ, ಅದೇ ಕೆರಿಬಿಯನ್ ಬದಿಯ ಸಣ್ಣದೊಂದು ತೀರಕ್ಕೆ. ಮೂರು ವಾರದಲ್ಲಿ ಅವಳು ಕಂಡದ್ದು ನಾಲ್ಕು ಆಮೆ. ಉಳಿದ ರಾತ್ರಿಗಳಲ್ಲಿ ಕಂಡದ್ದು ಮರದ ದಿಮ್ಮಿಗಳನ್ನು. ಕತ್ತಲಲ್ಲಿ ಪ್ರತಿ ದಿಮ್ಮಿಯೂ ಆಮೆಯೇ ಎಂದಳು. ಗಸ್ತು ನಾಲ್ಕು ತಾಸಿನದು, ಎಂಟರಿಂದ ಹನ್ನೆರಡು ಅಥವಾ ಹನ್ನೆರಡರಿಂದ ನಾಲ್ಕು. ಕಪ್ಪು ಬಟ್ಟೆ, ಮುಚ್ಚಿದ ಬೂಟು. ಬಿಳಿ ಬೆಳಕು ಹಾಕುವಂತಿಲ್ಲ. ಕೆಂಪು ಬೆಳಕು ಆಮೆಯ ಕಣ್ಣಿಗೆ ಅಷ್ಟಾಗಿ ತಾಕುವುದಿಲ್ಲ, ಅದೂ ಅಗತ್ಯ ಬಿದ್ದಾಗ ಮಾತ್ರ.

ಆಮೆ ಸಿಕ್ಕಾಗ ಯಾವಾಗ ಹತ್ತಿರ ಹೋಗಬೇಕು ಎನ್ನುವುದೇ ವಿದ್ಯೆ. ನೀರಿನಿಂದ ಏಳುವಾಗ, ಗುಂಡಿ ತೋಡುವಾಗ ಅದು ಬಹಳ ಪುಕ್ಕಲು. ಸಣ್ಣ ಅಲುಗಾಟಕ್ಕೂ ತಿರುಗಿ ಕಡಲಿಗೆ ಹೋಗಿಬಿಡುತ್ತದೆ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದಕ್ಕೆ ಲೋಕದ ಪರಿವೆ ಕಡಿಮೆ. ಆಗ ಹಿಂದಿನಿಂದ ಮಲಗಿಕೊಂಡು ಹೋಗಿ, ಗುಂಡಿಯೊಳಗೆ ಕೈಯಿಟ್ಟು, ಬೀಳುವ ಮೊಟ್ಟೆಗಳನ್ನು ಎಣಿಸುತ್ತಾರೆ. ನೂರು, ನೂರಹತ್ತು. ಟೇಬಲ್ ಟೆನಿಸ್ ಚೆಂಡಿನಷ್ಟು ದೊಡ್ಡವು, ಆದರೆ ಚಿಪ್ಪು ಮೆತ್ತಗೆ, ಮೇಲೆಲ್ಲ ಲೋಳೆ. ಎಲ್ಲ ಮುಗಿದ ಮೇಲೆ ಚಿಪ್ಪಿನ ಬೆನ್ನಿನ ಮೇಲೆ ಟೇಪು ಹಾಯಿಸಿ ಅಳತೆ, ಆಮೇಲೆ ಬಿಲ್ಲೆ. ಆಮೆಯ ಕಣ್ಣಲ್ಲಿ ನೀರು ಇಳಿಯುತ್ತಿರುತ್ತದೆ. ಅದು ಅಳುವಲ್ಲ, ಕುಡಿದ ಕಡಲಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ. ಆದರೂ ಮೊದಲ ರಾತ್ರಿ ಅದನ್ನು ನೋಡಿ ತಾನೂ ಅತ್ತೆ ಎಂದು ಒಪ್ಪಿಕೊಂಡಳು.

ಕಳ್ಳರ ಕಾಟವಿರುವ ತೀರದಲ್ಲಿ ಮೊಟ್ಟೆಗಳನ್ನು ಚೀಲಕ್ಕೆ ತುಂಬಿ, ಬೇಲಿ ಹಾಕಿದ ಜಾಗಕ್ಕೆ ತಂದು, ಅದೇ ಆಳ ಅದೇ ಆಕಾರದ ಗುಂಡಿಯಲ್ಲಿ ಹೂಳುತ್ತಾರೆ. ಇದನ್ನು ಬೇಗ ಮಾಡಬೇಕು. ಮೊಟ್ಟೆಯಿಟ್ಟ ಕೆಲವು ತಾಸುಗಳಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಒಳಗಿನದು ಸಾಯುತ್ತದೆ. ಹೂತ ಮೇಲೂ ಮರಳಿನ ಬಿಸಿ ನೋಡುತ್ತಿರಬೇಕು. ಆಮೆಯ ಮರಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದು ಆ ಬಿಸಿಯೇ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಬೆರೆತು ಹುಟ್ಟುತ್ತವೆ; ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಗೂಡಿನ ಮೇಲೆ ನೆರಳಿನ ಬಲೆ ಕಟ್ಟುವುದೂ ಕೆಲಸದ ಪಟ್ಟಿಗೆ ಸೇರಿಕೊಂಡಿದೆ.

ಇನ್ನು ಕರಪತ್ರದವರು ಎಂದೂ ಚಿತ್ರ ತೆಗೆಯದ ಕೆಲಸ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಟುಹೋದ ಮೇಲೆ ಗೂಡನ್ನು ಅಗೆದು ಲೆಕ್ಕ ಹಾಕಬೇಕು. ಖಾಲಿ ಚಿಪ್ಪು ಎಷ್ಟು, ಒಡೆಯದ ಮೊಟ್ಟೆ ಎಷ್ಟು, ಅರ್ಧ ಬೆಳೆದು ಸತ್ತದ್ದು ಎಷ್ಟು, ಗುಂಡಿಯ ತಳದಲ್ಲಿ ದಾರಿ ಸಿಗದೆ ಉಳಿದ ಜೀವಂತ ಮರಿ ಎಷ್ಟು. ಒಡೆಯದ ಮೊಟ್ಟೆಗಳನ್ನು ಒಂದೊಂದಾಗಿ ಸೀಳಿ ಯಾವ ಹಂತದಲ್ಲಿ ನಿಂತಿದೆ ಎಂದು ಬರೆದುಕೊಳ್ಳಬೇಕು. ಮಧ್ಯಾಹ್ನದ ಬಿಸಿಲು, ಕೈಗವಸು, ಹುಳು. ಆ ವಾಸನೆ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲವಂತೆ. ಆದರೆ ಕಳೆದ ವರ್ಷ ನೆರಳು ಕಟ್ಟಿದ್ದು ಫಲ ಕೊಟ್ಟಿತೋ ಇಲ್ಲವೋ ಎಂದು ಹೇಳುವುದು ಈ ನಾರುವ ಲೆಕ್ಕವೇ. ಸಂರಕ್ಷಣೆಯ ಬಹುಪಾಲು ಹೀಗೆ ಗುಮಾಸ್ತಿಕೆಯೇ ಆಗಿರುತ್ತದೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೂರು ವಾರಕ್ಕೆ ಬಂದ ಹುಡುಗಿಯ ದುಡಿಮೆಯ ಬೆಲೆ ಎಷ್ಟು? ನಿಜ ಹೇಳಬೇಕೆಂದರೆ ಬಹಳ ಕಡಿಮೆ. ಮೊದಲ ವಾರ ಕಲಿಯುವುದರಲ್ಲೇ ಹೋಗುತ್ತದೆ, ಅವಳಿಗೆ ಕಲಿಸಲು ಊರಿನ ಒಬ್ಬನ ಹೊತ್ತೂ ಹೋಗುತ್ತದೆ. ಊರವನೊಬ್ಬನನ್ನು ಕೂಲಿಗೆ ಇಟ್ಟುಕೊಂಡರೆ ಅವಳ ಮೂರರಷ್ಟು ಕೆಲಸ ಆಗುತ್ತದೆ. ಹಾಗಾದರೆ ಅವಳು ಯಾಕೆ ಬೇಕು? ಆ ಊರವನ ಕೂಲಿ ಅವಳು ಕಟ್ಟಿದ ದುಡ್ಡಿನಿಂದ ಬರುತ್ತದೆ, ಅದಕ್ಕೆ.

ಈ ತೀರಗಳಲ್ಲಿ ಮೊಟ್ಟೆ ಕದಿಯುವವರನ್ನು ಸ್ಪ್ಯಾನಿಷ್‌ನಲ್ಲಿ ಹುಯೆವೆರೊ ಎನ್ನುತ್ತಾರೆ. ಮೊಟ್ಟೆಯವನು ಎಂದಷ್ಟೇ ಅರ್ಥ. ಆಮೆ ಮೊಟ್ಟೆಯನ್ನು ಬಾರುಗಳಲ್ಲಿ ಖಾರದ ಸಾರಿನ ಜೊತೆ ಹಸಿಯಾಗಿ ಗುಟುಕರಿಸುವ ರೂಢಿ ಅಲ್ಲುಂಟು, ಗಂಡಸುತನಕ್ಕೆ ಒಳ್ಳೆಯದೆಂಬ ನಂಬಿಕೆಯೂ ಉಂಟು. ಅಂಥ ನಂಬಿಕೆಗಳಿಗೆ ಗಡಿಯೇ ಇಲ್ಲ ನೋಡಿ. ಒಂದು ಮೊಟ್ಟೆಗೆ ಒಂದು ಡಾಲರ್ ಸಿಕ್ಕರೂ ಒಂದು ಗೂಡು ಎಂದರೆ ಒಂದು ರಾತ್ರಿಗೆ ಎಂಬತ್ತು ನೂರು ಡಾಲರ್. ಬಾಳೆ ತೋಟದ ಕೂಲಿ ಬಿಟ್ಟರೆ ಬೇರೆ ದುಡಿಮೆಯಿಲ್ಲದ ಊರಿನಲ್ಲಿ ಇದನ್ನು ಬರೀ ಉಪದೇಶದಿಂದ ಬಿಡಿಸಲಾಗದು. ಕಾನೂನಿನಿಂದ ಸ್ವಲ್ಪ ಆಗುತ್ತದೆ. ಅದೇ ಮನುಷ್ಯನಿಗೆ ಹಂಗಾಮು ಪೂರ್ತಿ ಗಸ್ತಿನ ಮುಂದಾಳು ಎಂದು ಸಂಬಳ, ಅವನ ತಾಯಿಯ ಮನೆಯಲ್ಲಿ ಮೂವರು ವಿದೇಶಿ ಹುಡುಗಿಯರ ಊಟವಸತಿ, ಅವನ ಷಡ್ಡಕನಿಗೆ ದೋಣಿಯ ಬಾಡಿಗೆ ಸಿಕ್ಕರೆ ಮಾತು ಬೇರೆಯಾಗುತ್ತದೆ. ಗೂಡು ಹುಡುಕುವುದು ಕಳ್ಳನಿಗೆ ತಿಳಿದಷ್ಟು ಚೆನ್ನಾಗಿ ಯಾವ ಜೀವಶಾಸ್ತ್ರದ ಪದವೀಧರನಿಗೂ ತಿಳಿದಿರುವುದಿಲ್ಲ. ಪೆಸಿಫಿಕ್ ಬದಿಯ ಪ್ಲಾಯಾ ಗ್ರಾಂದೆಯಲ್ಲಿ ಹಿಂದೆ ಮೊಟ್ಟೆ ಕದಿಯುತ್ತಿದ್ದವರೇ ಪ್ರವಾಸಿಗಳಿಗೆ ಆಮೆ ತೋರಿಸುವ ಗೈಡುಗಳಾದರು.

ನಮ್ಮ ಹುಡುಗಿ ಉಳಿದದ್ದೂ ಅಂಥ ಒಂದು ಮನೆಯಲ್ಲೇ. ಮೂರು ಹೊತ್ತೂ ಅನ್ನ ಮತ್ತು ಕರಿಕಾಳು. ಆ ಮನೆಯೊಡತಿಯ ಮಗ ಕೋಲೊಂದನ್ನು ಮರಳಿಗೆ ಚುಚ್ಚಿ, ಕೈಗೆ ಸಿಕ್ಕ ಮೆತುವಿನಿಂದಲೇ ಗೂಡಿನ ಬಾಯಿ ಹೇಳುತ್ತಿದ್ದ. "ಎಲ್ಲಿ ಕಲಿತೆ?" ಎಂದು ಇವಳು ಕೇಳಿದಾಗ ನಕ್ಕು ಸುಮ್ಮನಾದನಂತೆ.

ಇದನ್ನೇ ತಂಗಿಗೆ ನಾನು ಹೇಳಿದ್ದು: ಅವಳು ಕಟ್ಟುತ್ತಿರುವುದು ಶುಲ್ಕವಲ್ಲ, ಆಮೆ ಜೀವಂತವಾಗಿರಲೆಂದು ಊರಿನವರಿಗೆ ಸಲ್ಲುವ ಬಾಡಿಗೆ. ಈ ಬಾಡಿಗೆ ದೊಡ್ಡ ಪ್ರಮಾಣದಲ್ಲಿ ಏನಾಗಬಲ್ಲದು ಎನ್ನುವುದಕ್ಕೆ ಟೋರ್ಟುಗೆರೊ ಸಾಕ್ಷಿ. ವಿಶ್ವ ವನ್ಯಜೀವಿ ನಿಧಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಒಂದು ಹಳ್ಳಿಗೆ ಆಮೆ ಪ್ರವಾಸದಿಂದ ವರ್ಷಕ್ಕೆ ಬರುತ್ತಿದ್ದ ಹಣ ಸುಮಾರು 67 ಲಕ್ಷ ಡಾಲರ್ ಎಂಬ ಲೆಕ್ಕವಿದೆ. ಆಮೆಯನ್ನು ಕಡಿದು ಮಾರಿದ ಯಾವ ವರ್ಷವೂ ಅದರ ಹತ್ತಿರಕ್ಕೆ ಬಂದಿರಲಾರದು. ಅಲ್ಲಿ ಪ್ರವಾಸಿಗಳು ಕತ್ತಲ ದಡದಲ್ಲಿ ಅಡ್ಡಾಡುವಂತಿಲ್ಲ. ಊರಿನ ಹುಡುಕುಗರು ದಡದಲ್ಲಿದ್ದು, ಆಮೆ ಮೊಟ್ಟೆಯಿಡಲು ಕೂತ ಮೇಲೆ ಮಾತ್ರ ಗೈಡಿಗೆ ಸುದ್ದಿ ಕೊಡುತ್ತಾರೆ. ಅಲ್ಲಿಯತನಕ ಗುಂಪು ದಡದ ಹಿಂದೆ ಕಾಯುತ್ತದೆ.

ಹಣದ ಈ ಸುತ್ತಿನ ಅತ್ಯಂತ ವಿಚಿತ್ರ ರೂಪ ಕಾಣಬೇಕಾದರೆ ಪೆಸಿಫಿಕ್ ದಂಡೆಯ ಒಸ್ಟಿಯೊನಾಲ್‌ಗೆ ಹೋಗಬೇಕು. ಅಲ್ಲಿಗೆ ಬರುವುದು ಆಲಿವ್ ರಿಡ್ಲಿ, ನಮ್ಮ ಒಡಿಶಾದ ಗಹಿರಮಾಥಾ, ಋಷಿಕುಲ್ಯಾ ತೀರಗಳಿಗೆ ಬರುವ ಜಾತಿಯೇ. ಬಂದರೆ ಹಿಂಡುಹಿಂಡಾಗಿ, ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷಗಳ ಲೆಕ್ಕದಲ್ಲಿ. ಈ ಬರುವಿಕೆಗೆ ಅರಿಬಾಡಾ ಎಂದು ಹೆಸರು. ದಂಡೆ ಅಷ್ಟು ದೊಡ್ಡದಲ್ಲ. ಮೊದಲ ರಾತ್ರಿ ಇಟ್ಟ ಮೊಟ್ಟೆಗಳನ್ನು ಮೂರನೆಯ ರಾತ್ರಿ ಬಂದ ಆಮೆಗಳೇ ಅಗೆದು ಒಡೆದುಹಾಕುತ್ತವೆ, ಒಡೆದವು ಕೊಳೆತು ಪಕ್ಕದ ಗೂಡುಗಳನ್ನೂ ಕೆಡಿಸುತ್ತವೆ. ಹೇಗೂ ಹಾಳಾಗುವ ಮೊಟ್ಟೆಯನ್ನು ಊರವರು ಯಾಕೆ ತೆಗೆಯಬಾರದು? ಜೀವಶಾಸ್ತ್ರಜ್ಞರು ಈ ಪ್ರಶ್ನೆ ಕೇಳಿಕೊಂಡರು. 1987ರಿಂದ ಒಸ್ಟಿಯೊನಾಲ್‌ನ ಊರ ಸಂಘಕ್ಕೆ ಅರಿಬಾಡಾದ ಮೊದಲ ಹೊತ್ತಿನ ಮೊಟ್ಟೆಗಳನ್ನು ತೆಗೆದು ಮಾರಲು ಕಾನೂನಿನ ಒಪ್ಪಿಗೆ ಇದೆ.

ನೋಡುವುದಕ್ಕೆ ಅದೊಂದು ನೃತ್ಯದಂತೆ. ಗಂಡಸರು ಬರಿಗಾಲಿನ ಹಿಮ್ಮಡಿಯಿಂದ ಮರಳನ್ನು ಮೆಲ್ಲಗೆ ತಟ್ಟುತ್ತ ಸಾಗುತ್ತಾರೆ. ಮರಳು ಸಡಿಲವೆನಿಸಿದಲ್ಲಿ ಗೂಡು. ಹೆಂಗಸರು ಹಿಂದೆಯೇ ಕೂತು ಬಗೆದು ಚೀಲಕ್ಕೆ ತುಂಬುತ್ತಾರೆ. ಚೀಲಗಳಿಗೆ ಗುರುತು ಒತ್ತಿ ಮಾರುಕಟ್ಟೆಗೆ ಕಳಿಸುತ್ತಾರೆ. ಪ್ರತಿಯಾಗಿ ಅದೇ ಜನ ದಂಡೆಯ ಕಸ, ತೇಲಿಬಂದ ಮರ ತೆಗೆಯಬೇಕು, ಕಳ್ಳರನ್ನು ಕಾಯಬೇಕು, ಮರಿ ಹೊರಡುವ ದಿನಗಳಲ್ಲಿ ರಣಹದ್ದು, ನಾಯಿಗಳನ್ನು ಓಡಿಸಬೇಕು. ಕಾನೂನಿನ ಮೊಟ್ಟೆಯ ಮರೆಯಲ್ಲಿ ಕದ್ದ ಮೊಟ್ಟೆಯೂ ಮಾರಾಟವಾಗುತ್ತದೆ ಎಂಬ ತಕರಾರು ಹಳೆಯದು, ಹುರುಳಿಲ್ಲದ್ದೂ ಅಲ್ಲ. ಆದರೆ ಕರುಣೆಯ ಕಣ್ಣೀರಿಗಿಂತ ಕೈಯಲ್ಲಿರುವ ಪಾಲು ಹೆಚ್ಚು ಕಾಲ ಕಾವಲು ಕಾಯುತ್ತದೆ ಎಂಬುದನ್ನು ಒಸ್ಟಿಯೊನಾಲ್ ಮೂರೂವರೆ ದಶಕಕ್ಕೂ ಹೆಚ್ಚು ಕಾಲದಿಂದ ತೋರಿಸುತ್ತಿದೆ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕೆಡುಕಾದದ್ದು ಅಭಿಮಾನಿಗಳಿಂದ. 2015ರ ಸೆಪ್ಟೆಂಬರಿನಲ್ಲಿ ನೂರಾರು ಪ್ರವಾಸಿಗಳು ದಂಡೆಗೆ ನುಗ್ಗಿ, ಮಕ್ಕಳನ್ನು ಆಮೆಯ ಬೆನ್ನ ಮೇಲೆ ಕೂರಿಸಿ ಫೋಟೊ ತೆಗೆಯತೊಡಗಿದಾಗ ಆಮೆಗಳು ಮೊಟ್ಟೆಯಿಡದೆ ಕಡಲಿಗೆ ಮರಳಿದವು.

ಆ ಅಂಗೈ ಮೇಲಿನ ಮರಿಯ ಚಿತ್ರಕ್ಕೆ ಈಗ ಬರುತ್ತೇನೆ. ಗೂಡಿನಿಂದ ಎದ್ದ ಮರಿಗೆ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗವೇ ಬುತ್ತಿ. ಆ ಬುತ್ತಿಯ ಬಲದ ಮೇಲೆ ಮೊದಲ ಒಂದು ದಿನ ಅದು ನಿಲ್ಲದೆ ಈಜಿ, ಮೀನು ಹಕ್ಕಿಗಳು ಹೆಚ್ಚಿರುವ ದಡದ ನೀರನ್ನು ದಾಟಬೇಕು. ಪ್ರವಾಸಿಗಳು ಬರಲೆಂದು ಸಂಜೆಯವರೆಗೆ ಬಕೆಟ್ಟಿನಲ್ಲಿ ಇಟ್ಟರೆ ಮರಿ ಅಲ್ಲೇ ಈಜಾಡಿ ಬುತ್ತಿ ಕರಗಿಸಿಕೊಳ್ಳುತ್ತದೆ. ಮರಿಯನ್ನು ಮುಟ್ಟಲು, ಹಗಲಲ್ಲಿ ಬಿಡಲು, ಜೊತೆಗೆ ಫೋಟೊ ತೆಗೆಯಲು ಅವಕಾಶ ಮಾಡಿಕೊಡುವ ಯೋಜನೆ ಆಮೆಗಾಗಿ ಇರುವುದಲ್ಲ, ಕ್ಯಾಮೆರಾಕ್ಕಾಗಿ ಇರುವುದು.

ಯೋಜನೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಹೀಗೆ ತಾವಾಗಿಯೇ ಹುಟ್ಟುತ್ತವೆ. ನಾನು ಕಟ್ಟುವ ದುಡ್ಡಿನಲ್ಲಿ ಊರಿಗೆ ಹೋಗುವುದೆಷ್ಟು, ನಡುವಿನ ಏಜೆನ್ಸಿಗೆ ಎಷ್ಟು? ಮಲಗುವುದು ಊರವರ ಮನೆಯಲ್ಲೋ, ಸಂಸ್ಥೆಯ ಬೇಲಿಯೊಳಗೋ? ಗಸ್ತಿನ ಮುಂದಾಳು ಆ ಊರಿನವನೇ, ಅವನಿಗೆ ಸಂಬಳ ಉಂಟೇ? ದಂಡೆಯ ಕೆಲಸಕ್ಕೆ ಸರ್ಕಾರದ ಪರವಾನಗಿ ಇದೆಯೇ? ಎಣಿಸಿದ ಲೆಕ್ಕ ಯಾರಿಗೆ ಸೇರುತ್ತದೆ, ಎಲ್ಲಾದರೂ ಪ್ರಕಟವಾಗುತ್ತದೆಯೇ? ನೇರ ಉತ್ತರ ಕೊಡಲು ತಡವರಿಸುವವರು ಬಹಳ ಮಂದಿ.

ಆಮೆಯ ಜೊತೆಗೆ 'ಸಮುದಾಯ ಯೋಜನೆ' ಎಂದು ಜೋಡಿಸಿ ಮಾರುವುದನ್ನು ಇನ್ನೂ ಅನುಮಾನದಿಂದ ನೋಡಬೇಕು. ಎರಡು ವಾರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಹೋದರೆ ಮಕ್ಕಳು ವರ್ಷಕ್ಕೆ ಇಪ್ಪತ್ತು ಸಲ "ಹಲೋ, ವಾಟ್ ಈಸ್ ಯುವರ್ ನೇಮ್" ಕಲಿಯುತ್ತಾರೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ಅನಾಥಾಲಯಗಳ ವಿಷಯವಂತೂ ಘೋರ. ಸ್ವಯಂಸೇವಕರ ದುಡ್ಡಿಗಾಗಿ ತಂದೆತಾಯಿ ಇರುವ ಮಕ್ಕಳನ್ನೇ ಅಲ್ಲಿಗೆ ತುಂಬುವ ದಂಧೆ ಹಲವು ದೇಶಗಳಲ್ಲಿ ಬಯಲಾಗಿದೆ. 2018ರಲ್ಲಿ ಆಸ್ಟ್ರೇಲಿಯಾ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದೇ ಗುರುತಿಸಿತು. ಆಮೆಯ ಮೊಟ್ಟೆಗೆ ಮೂರು ವಾರದ ಪರಿಚಯ ಸಾಕು, ಮಗುವಿಗೆ ಸಾಲದು.

ಮತ್ತೊಂದು ಮಾತು, ತಂಗಿಗೆ ಹೇಳದೆ ಅವಳ ಮಗಳಿಗೆ ಮಾತ್ರ ಹೇಳಿದ್ದು. ಕೆರಿಬಿಯನ್ ಬದಿಯ ಲಿಮೋನ್ ಪಟ್ಟಣದ ಹತ್ತಿರ ಮೊಯೀನ್ ಎಂಬ ತೀರವಿದೆ. ಎಲ್ಲಕ್ಕಿಂತ ದೊಡ್ಡ ಕಡಲಾಮೆಯಾದ ಲೆದರ್‌ಬ್ಯಾಕ್ ಅಲ್ಲಿ ಮೊಟ್ಟೆಯಿಡುತ್ತದೆ. ಅದೇ ದಡ ಮಾದಕವಸ್ತು ಸಾಗಿಸುವವರ ದಾರಿಯೂ ಹೌದು. ಹೈರೊ ಮೊರಾ ಸಾಂಡೊವಾಲ್ ಎಂಬ 26 ವರ್ಷದ ಸ್ಥಳೀಯ ಯುವಕ ಅಲ್ಲಿ ಗೂಡು ಕಾಯುತ್ತಿದ್ದ. ಬೆದರಿಕೆಗಳಿವೆ, ಪೊಲೀಸರ ರಕ್ಷಣೆ ಬೇಕು ಎಂದು ಬಹಿರಂಗವಾಗಿ ಹೇಳಿದ್ದ. 2013ರ ಮೇ 30ರ ರಾತ್ರಿ ನಾಲ್ವರು ವಿದೇಶಿ ಸ್ವಯಂಸೇವಕಿಯರ ಜೊತೆ ಗಸ್ತಿನಲ್ಲಿದ್ದಾಗ ಮುಸುಕುಧಾರಿಗಳು ಅಡ್ಡಗಟ್ಟಿದರು. ಹೆಂಗಸರು ಹೇಗೋ ಪಾರಾದರು. ಅವನ ಶವ ಮರುದಿನ ಬೆಳಿಗ್ಗೆ ದಡದಲ್ಲಿ ಸಿಕ್ಕಿತು. ಮೊದಲ ವಿಚಾರಣೆಯಲ್ಲಿ ಆರೋಪಿಗಳು ಖುಲಾಸೆಯಾಗಿ, 2016ರ ಮರುವಿಚಾರಣೆಯಲ್ಲಿ ನಾಲ್ವರಿಗೆ ಶಿಕ್ಷೆಯಾಯಿತು. ಹೊರಗಿನವರು ಮನೆಗೆ ಮರಳುತ್ತಾರೆ, ಹಗೆ ಉಳಿಯುವುದು ಊರವನ ಮೇಲೆ. ರಾತ್ರಿ ಗಸ್ತಿಗೆ ಪೊಲೀಸ್ ಅಥವಾ ಕರಾವಳಿ ಕಾವಲಿನ ಬೆಂಬಲ ಇದೆಯೇ ಎಂದು ಕೇಳುವುದು ನಿಮ್ಮ ಸುರಕ್ಷತೆಗೆ ಮಾತ್ರವಲ್ಲ, ಆ ಮುಂದಾಳಿನ ಸುರಕ್ಷತೆಗೂ ಬೇಕು.

ಇಷ್ಟೆಲ್ಲ ಆದ ಮೇಲೂ ದಡದಲ್ಲಿ ಮಾಡುವ ಕೆಲಸಕ್ಕೆ ಒಂದು ಮಿತಿ ಇದೆ. ಪ್ಲಾಯಾ ಗ್ರಾಂದೆಯಲ್ಲಿ 1980ರ ದಶಕದ ಕೊನೆಗೆ ಒಂದು ಹಂಗಾಮಿಗೆ ಸಾವಿರಕ್ಕೂ ಹೆಚ್ಚು ಲೆದರ್‌ಬ್ಯಾಕ್‌ಗಳು ಬರುತ್ತಿದ್ದವು. ಮೊಟ್ಟೆ ಕಳವು ನಿಂತಿತು, ಉದ್ಯಾನವಾಯಿತು, ಕಾವಲು ಬಂತು. ಈಗ ಬರುವವುಗಳ ಲೆಕ್ಕ ಹತ್ತುಗಳಲ್ಲಿ. ದಶಕಗಳ ಹಿಂದೆ ಕದ್ದ ಮೊಟ್ಟೆಗಳ ಸಾಲ ಒಂದು ಕಡೆ, ಆಳಸಮುದ್ರದಲ್ಲಿ ಗಾಳ ಬಲೆಗಳಿಗೆ ಸಿಕ್ಕಿ ಸಾಯುವುದು ಇನ್ನೊಂದು ಕಡೆ. ಗೂಡು ಕಾದವರ ಕೈ ಅಲ್ಲಿಗೆ ಮುಟ್ಟುವುದಿಲ್ಲ.

ನಮ್ಮ ಹುಡುಗಿ ಮರುವರ್ಷ ಜನವರಿಯಲ್ಲಿ ಅಜ್ಜಿಯನ್ನು ನೋಡಲು ಭಾರತಕ್ಕೆ ಬಂದಳು. ಹೊನ್ನಾವರ, ಕುಂದಾಪುರದ ಕಡೆಯ ಮರಳದಂಡೆಗಳಲ್ಲೂ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಒಂದೊಂದಾಗಿ ಬಂದು ಮೊಟ್ಟೆಯಿಡುತ್ತದೆ, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಕಟ್ಟುತ್ತಾರೆ ಎಂದು ಹೇಳಿದಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಮಾಮ ಎಂದು ಜಗಳಕ್ಕೆ ಬಂದಳು. ಚೆನ್ನೈಯಲ್ಲಿ 1988ರಿಂದ ವಿದ್ಯಾರ್ಥಿಗಳೇ ನಡೆಸಿಕೊಂಡು ಬಂದ ಆಮೆ ಗಸ್ತೊಂದಿದೆ, ವಾರಾಂತ್ಯದ ರಾತ್ರಿಗಳಲ್ಲಿ ಯಾರು ಬೇಕಾದರೂ ಜೊತೆಗೆ ನಡೆಯಬಹುದು. ವೀಸಾ ಬೇಡ, ಏಜೆನ್ಸಿ ಬೇಡ. ಇಬ್ಬರೂ ಹೋದೆವು. ಅದು 2025ರ ಜನವರಿ. ಆ ತಿಂಗಳು ಚೆನ್ನೈ ಸುತ್ತಲಿನ ತೀರಗಳಿಗೆ ಸತ್ತ ಆಲಿವ್ ರಿಡ್ಲಿಗಳು ನೂರಾರು ಬಂದು ಬಿದ್ದಿದ್ದವು. ಟ್ರಾಲರ್ ಬಲೆಯಲ್ಲಿ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಮುಳುಗಿದವು.

ರಾತ್ರಿ ಒಂದೂವರೆಯ ಹೊತ್ತಿಗೆ ಮುಂದೆ ನಡೆಯುತ್ತಿದ್ದ ಹುಡುಗ ನಿಂತ. ಈ ಸಲ ದಿಮ್ಮಿಯಲ್ಲ. ಕಣ್ಣು ಊದಿಕೊಂಡ ಹೆಣ್ಣು ಆಮೆ, ಹೊಟ್ಟೆ ತುಂಬ ಮೊಟ್ಟೆ. ಸೊಸೆ ಕೇಳದೆಯೇ ಮೊಣಕಾಲೂರಿ ಟೇಪಿನ ಒಂದು ತುದಿ ಹಿಡಿದಳು. ಹುಡುಗ ಇನ್ನೊಂದು ತುದಿ ಎಳೆದು ಕೆಂಪು ಬೆಳಕಿನಲ್ಲಿ ಓದಿದ. ಅರವತ್ತೆಂಟು. ಅವಳು ಬರೆದುಕೊಂಡಳು. ಮತ್ತೆ ಕಂಡಾಗ ಎರಡು ಸಲ ಎಣಿಸದಿರಲೆಂದು ಅವನು ಚಿಪ್ಪಿನ ಮೇಲೆ ಬಣ್ಣದ ಗೆರೆ ಎಳೆದ. ಮುಂದಿನದು ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು.